ಸೊಂಟನೋವು ಅಂದ್ರೆ ಬರೀ ಡಿಸ್ಕ್ ಅಲ್ಲ: ಎಲ್ಲರೂ ಮರೆತ ಒಂದು ಕೀಲಿನ ಕಥೆ

1/5
ಕಾಲುವೆಗೆ ನೀರು ಬಂತಂದ್ರೆ ನಮ್ಮ ಸಿರವಾರ ಕಡೆ ಭತ್ತದ ನಾಟಿ ಶುರು. ದಿನಗಟ್ಲೆ ಬಗ್ಗಿ ಸಸಿ ಹಚ್ಚೋರು ನಮ್ಮ ಅವ್ವಂದಿರೇ. ನಮ್ಮವ್ವಗ ಮೂರು ವರ್ಷದಿಂದ ಸೊಂಟದ ಕೆಳಗೆ, ಎಡಗಡೆ ನೋವು. ಎಲ್ಲಿ ತೋರಿಸಿದ್ರೂ "ಡಿಸ್ಕ್" ಅಂದ್ರು. ಎಂಆರ್‌ಐ ಮಾಡಿಸಿದ್ರೆ ಡಿಸ್ಕ್ ಚೆನ್ನಾಗೇ ಇತ್ತು! ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಕಾಲು ಮಡಚಿ, ಒತ್ತಿ ನೋಡಿ ಬೇರೆ ಹೆಸರು ಹೇಳಿದ್ರು: ಎಸ್‌ಐ ಜಾಯಿಂಟ್. ಇದರ ಇತಿಹಾಸ ಹುಡುಕ್ತಾ ಹೋದೆ 👇

2/5
ಬೆನ್ನುಮೂಳೆಯ ಬುಡದಲ್ಲಿರೋ ತ್ರಿಕೋನದ ಎಲುಬು ಎಡಬಲದ ಸೊಂಟದ ಎಲುಬಿಗೆ ಕೂಡೋ ಜಾಗವೇ ಈ ಕೀಲು. ಮೈಭಾರ ಕಾಲಿಗೆ ಇಳಿಯೋದು ಇದರ ಮೂಲಕ. 1905ರಲ್ಲೇ ಅಮೆರಿಕದ ಬೋಸ್ಟನ್ನಿನ ಡಾಕ್ಟರ್‌ಗಳಾದ ಗೋಲ್ಡ್‌ತ್ವೇಟ್, ಆಸ್‌ಗುಡ್ ಸೊಂಟನೋವಿಗೆ ಇದೂ ಕಾರಣ ಅಂತ ಬರೆದಿದ್ರು. 1921ರಲ್ಲಿ ಸ್ಮಿತ್-ಪೀಟರ್ಸನ್ ಈ ಕೀಲನ್ನ ಬೆಸೆಯೋ ಆಪರೇಷನ್ ಪ್ರಕಟಿಸಿದ್ರು. ಆದ್ರೆ ಆಗ ದೊಡ್ಡ ಗಾಯ, ವಾರಗಟ್ಲೆ ಹಾಸಿಗೆ.

3/5
1934. ಅದೇ ಬೋಸ್ಟನ್, ಹೆಸರು ಬದಲಾಗಿದ್ದ ಅದೇ ವೈದ್ಯಕೀಯ ಪತ್ರಿಕೆ. ಮಿಕ್ಸ್ಟರ್, ಬಾರ್ ಅನ್ನೋರು ಜಾರಿದ ಡಿಸ್ಕ್ ನರ ಒತ್ತುತ್ತೆ ಅಂತ ತೋರಿಸಿದ್ರು. ಸುಳ್ಳಲ್ಲ, ದೊಡ್ಡ ಶೋಧನೆಯೇ. ಆದ್ರೆ ಎಲ್ಲರ ಕಣ್ಣು ಡಿಸ್ಕ್ ಮೇಲೆ ಹೋಯ್ತು, ಕೀಲು ಮೂಲೆಗೆ ಬಿತ್ತು. ಬಿಕಾಂನವರಿಗೆ ಗೊತ್ತಾಗೋ ಹಾಗೆ ಹೇಳಬೇಕಂದ್ರೆ, ಎಂಟ್ರಿ ತಪ್ಪು ಖಾತೆಗೆ ಪೋಸ್ಟ್ ಆಯ್ತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ತದ, ತಪ್ಪು ಮಾತ್ರ ಕಾಣಲ್ಲ 🙃

4/5
ದಶಕಗಳ ನಂತರ ಒಂದು ಪರೀಕ್ಷೆ ಕೀಲನ್ನ ವಾಪಸ್ ತಂತು: ಎಕ್ಸ್‌ರೇಯಲ್ಲಿ ನೋಡ್ತಾ ಕೀಲಿಗೇ ಮರಗಟ್ಟಿಸೋ ಇಂಜೆಕ್ಷನ್. ನೋವು ಇಳೀತು ಅಂದ್ರೆ ಕಳ್ಳ ಸಿಕ್ಕ ಹಾಗೆ. 2008ರಲ್ಲಿ ಅಮೆರಿಕದಲ್ಲಿ ತ್ರಿಕೋನಾಕಾರದ ಟೈಟಾನಿಯಂ ಕಡ್ಡಿಗೆ ಅನುಮತಿ ಸಿಕ್ತು. ಪಕ್ಕದಿಂದ ಸಣ್ಣ ಗಾಯ ಮಾಡಿ, ಸಾಮಾನ್ಯವಾಗಿ ಮೂರು ಕಡ್ಡಿ ಕೂಡಿಸ್ತಾರೆ. ತ್ರಿಕೋನ ಯಾಕೆ? ದುಂಡಗಿದ್ರೆ ತಿರುಗ್ತದ, ಇದು ತಿರುಗಲ್ಲ. ಆಮೇಲೆ ಎಲುಬೇ ಅದಕ್ಕೆ ಹತ್ತಿಕೊಂಡು ಬೆಳೀತದ.

5/5
ಹಂಗಂತ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ವ್ಯಾಯಾಮ, ಬೆಲ್ಟ್, ಇಂಜೆಕ್ಷನ್ ಮೊದಲು, ಕಡ್ಡಿ ಕೊನೆಗೆ. ಅವ್ವ ಈಗ ಬೆಲ್ಟ್ ಹಾಕ್ಕೊಂಡು ದಿನಾ ವ್ಯಾಯಾಮ ಮಾಡ್ತಾಳ. ನೋವು ಪೂರ್ತಿ ಹೋಗಿಲ್ಲ. ಆದ್ರೆ "ನಾ ಸುಳ್ಳು ಹೇಳ್ತಿರಲಿಲ್ಲ ನೋಡು" ಅಂದಳು. ಅದೇ ನನಗೆ ಚುಚ್ಚಿದ್ದು. ರಿಪೋರ್ಟ್ ಸರಿ ಇದೆ ಅಂದಾಗ ನಾನೂ ಅವಳ ನೋವು ನಂಬಿರಲಿಲ್ಲ.

ನಿಮ್ಮನೆಯಾಗೂ ಯಾರಾದ್ರೂ ಸೊಂಟ ಹಿಡ್ಕೊಂಡು ಏಳ್ತಿದ್ರೆ, ಡಾಕ್ಟರ್ ಹತ್ರ ಒಂದೇ ಪ್ರಶ್ನೆ ಕೇಳ್ರಿ: "ಎಸ್‌ಐ ಜಾಯಿಂಟ್ ನೋಡಿದ್ರಾ?"

ಸೇವ್ ಮಾಡ್ಕೊಳ್ರಿ, ಅವ್ವಗ ಓದಿ ಹೇಳ್ರಿ 🌾
#ಸಿರವಾರ #ರಾಯಚೂರು #ಸೊಂಟನೋವು #ಇತಿಹಾಸ