ಕಿಂಗ್ ಕಣಿವೆಯ ಎರಡನೇ ಬೆಳೆ

ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗುವ ಹೆದ್ದಾರಿಯಲ್ಲಿ ಮೂರು ಗಂಟೆಯೊಳಗೆ ವ್ಯಾಂಗರಟ್ಟ ಎಂಬ ಪೇಟೆ ಸಿಗುತ್ತದೆ. ಅಲ್ಲಿ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ಕಿಂಗ್ ನದಿಯ ಕಣಿವೆ ಶುರು. ನದಿ ಎನ್ನುತ್ತಾರೆ, ಮಲೆನಾಡಿನವರು ನೋಡಿದರೆ ಹೊಳೆ ಎಂದಾರು. ಆಸ್ಟ್ರೇಲಿಯದವರು ಆಲ್ಪ್ಸ್ ಎಂದು ಕರೆಯುವ ಬೆಟ್ಟಸಾಲಿನಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ವ್ಯಾಂಗರಟ್ಟದಲ್ಲಿ ಓವೆನ್ಸ್ ನದಿಯನ್ನು ಸೇರುತ್ತದೆ. ಆಕ್ಸ್‌ಲಿ, ಮಿಲಾವ, ಮೊಯ್ಹು, ವಿಟ್‌ಫೀಲ್ಡ್, ಚೆಶಂಟ್ ಇವು ಕಣಿವೆಯ ಊರುಗಳು. ಊರು ಎಂದರೆ ಒಂದು ಅಂಗಡಿ, ಒಂದು ಪಬ್, ಒಂದು ಶಾಲೆ, ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು. ಉಳಿದದ್ದೆಲ್ಲ ತೋಟ, ಹುಲ್ಲುಗಾವಲು, ದನ.

ಪ್ರವಾಸಿಗರಿಗೆ ಇದು ಆಸ್ಟ್ರೇಲಿಯದೊಳಗಿನ ಇಟಲಿ. ಸಾಂಜೊವೇಸೆ, ನೆಬ್ಬಿಯೊಲೊ, ಬಾರ್ಬೆರ, ಪ್ರೊಸೆಕ್ಕೊ ಎಂಬ ದ್ರಾಕ್ಷಿಗಳು, ವೈನರಿಯ ಅಂಗಳದಲ್ಲಿ ಬೊಚ್ಚೆ ಚೆಂಡಾಟ, ಬಳ್ಳಿಚಪ್ಪರದ ಕೆಳಗೆ ಉದ್ದನೆಯ ಮೇಜು. ಇಷ್ಟು ನೋಡಿದವರಿಗೆ ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದ ಪದ್ಧತಿ ಎನ್ನಿಸುವುದು ಸಹಜ. ಆದರೆ ಇಲ್ಲಿನ ಇಟಾಲಿಯನ್ ದ್ರಾಕ್ಷಿಬಳ್ಳಿಗಳಿಗೆ ಐವತ್ತು ವರ್ಷವೂ ತುಂಬಿಲ್ಲ. ಇಟಲಿಯಿಂದ ಬಂದವರು ಈ ಮಣ್ಣಿನಲ್ಲಿ ಮೊದಲು ಬೆಳೆದದ್ದು ಹೊಗೆಸೊಪ್ಪು.

ಅದರ ಗುರುತು ಹುಡುಕಬೇಕಾಗಿಲ್ಲ. ಬಳ್ಳಿಸಾಲುಗಳ ನಡುವೆ ಅಲ್ಲಲ್ಲಿ ಚೌಕಾಕಾರದ, ಕಿಟಕಿಯಿಲ್ಲದ, ಎತ್ತರದ ತಗಡಿನ ಕಟ್ಟಡಗಳು ಜೋಡಿ ಜೋಡಿಯಾಗಿ ನಿಂತಿವೆ. ತಲೆಯ ಮೇಲೆ ಹಬೆ ಬಿಡಲು ಇನ್ನೊಂದು ಪುಟ್ಟ ಮಾಡು. ತಗಡು ತುಕ್ಕು ಹಿಡಿದು ಕಾವಿ ಬಣ್ಣಕ್ಕೆ ತಿರುಗಿದೆ. ಜೊತೆಗೆ ಬಂದವರು ದವಸದ ಕಣಜ ಇರಬೇಕು ಎಂದರು. ಹುಣಸೂರು, ಪಿರಿಯಾಪಟ್ಟಣದ ಕಡೆ ಓಡಾಡಿದವರಿಗೆ ಆ ಅನುಮಾನ ಬರುವುದಿಲ್ಲ. ಅವು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ನಮ್ಮಲ್ಲಿ ಬೆಳೆಯುವ ಅದೇ ವರ್ಜಿನಿಯಾ ಸೊಪ್ಪು, ಬೇಯಿಸಿ ಹದ ಮಾಡುವ ಅದೇ ಕ್ರಮ.

ಕಣಿವೆಯ ಕತೆ ಇಟಾಲಿಯನ್ನರಿಂದ ಶುರುವಾದದ್ದೂ ಅಲ್ಲ. ಪಾಂಗೆರಾಂಗ್, ತೌಂಗುರಂಗ್ ಮೊದಲಾದ ಮೂಲ ನಿವಾಸಿಗಳ ನೆಲ ಇದು. 1824ರಲ್ಲಿ ಹ್ಯಾಮಿಲ್ಟನ್ ಹ್ಯೂಮ್ ಮತ್ತು ವಿಲಿಯಂ ಹೊವೆಲ್ ಈ ಸೀಮೆಯನ್ನು ಹಾದುಹೋದರು. ಅವರ ಹಿಂದೆ ಕುರಿ, ದನಗಳೊಂದಿಗೆ ಬಿಳಿಯರು ಬಂದು ಹುಲ್ಲುಗಾವಲುಗಳನ್ನು ತಮ್ಮದೆಂದರು. ಮೂಲ ನಿವಾಸಿಗಳ ಪಾಲಿಗೆ ಉಳಿದದ್ದು ಊರ ಹೆಸರುಗಳು, ಅದೂ ಕೆಲವು ಮಾತ್ರ. 1850ರ ದಶಕದಲ್ಲಿ ಹತ್ತಿರದ ಬೀಚ್‌ವರ್ತ್‌ನಲ್ಲಿ ಚಿನ್ನ ಸಿಕ್ಕಿತು. ಚಿನ್ನ ಅಗೆಯಲು ಬಂದ ಚೀನೀಯರು, ಚಿನ್ನ ಕಡಿಮೆಯಾದ ಮೇಲೆ ಈ ನದೀಬಯಲುಗಳಲ್ಲಿ ಹೊಗೆಸೊಪ್ಪು ಹಾಕಿದರು. ಇಲ್ಲಿನ ಹೊಗೆಸೊಪ್ಪಿಗೆ ಬುನಾದಿ ಹಾಕಿದವರಲ್ಲಿ ಅವರೂ ಇದ್ದಾರೆ. ಅವರ ಹೆಸರಿನಲ್ಲಿ ಹಬ್ಬ ಮಾಡುವವರು ಯಾರೂ ಇಲ್ಲ.

ಚಿನ್ನದ ಹಿಂದೆಯೇ ದರೋಡೆ. ವಿಟ್‌ಫೀಲ್ಡ್‌ನಿಂದ ಮ್ಯಾನ್ಸ್‌ಫೀಲ್ಡ್‌ಗೆ ಹೋಗುವ ಘಟ್ಟದ ರಸ್ತೆಯಲ್ಲಿ ಪವರ್ಸ್ ಲುಕೌಟ್ ಎಂಬ ಬಂಡೆಯಿದೆ. ಐರ್ಲೆಂಡಿನಿಂದ ಬಂದ ಹ್ಯಾರಿ ಪವರ್ ಎಂಬ ದಾರಿಗಳ್ಳ ಇಲ್ಲಿ ಬೀಡುಬಿಟ್ಟಿದ್ದ. ಮೆಲ್ಬರ್ನ್‌ನ ಪೆಂಟ್ರಿಜ್ ಜೈಲಿನಿಂದ 1869ರಲ್ಲಿ ತಪ್ಪಿಸಿಕೊಂಡು ಬಂದು ಕೋಚುಗಾಡಿಗಳನ್ನು ಅಡ್ಡಗಟ್ಟುತ್ತಿದ್ದ. ಆಗ ಅವನ ಕುದುರೆ ಹಿಡಿದುಕೊಂಡು ನಿಲ್ಲುತ್ತಿದ್ದ ಹದಿನೈದರ ಹುಡುಗನೇ ನೆಡ್ ಕೆಲ್ಲಿ; ಮುಂದೆ ಆಸ್ಟ್ರೇಲಿಯದಲ್ಲೇ ಹೆಸರಾದ ಬಂಡುಕೋರ. ಪವರ್ ಅಡಗಿದ್ದ ಬಂಡೆಗೆ ಹೋಗಬೇಕಾದರೆ ಕೆಳಗೆ ಕೆಲ್ಲಿಯ ತಾಯಿಯ ತವರಿನವರ, ಕ್ವಿನ್ ಮನೆತನದ, ಅಂಗಳ ದಾಟಬೇಕಿತ್ತು. ಅಲ್ಲಿ ನವಿಲೊಂದು ಇತ್ತಂತೆ. ಅಪರಿಚಿತರು ಬಂದರೆ ಕೂಗಿ ಎಬ್ಬಿಸುವುದು ಅದರ ಕೆಲಸ. 1870ರ ಜೂನ್‌ನಲ್ಲಿ ಪೊಲೀಸರು ಬಂದ ರಾತ್ರಿ ಜಡಿಮಳೆ. ನವಿಲು ಕೂಗಲಿಲ್ಲ, ನಾಯಿ ಬೊಗಳಲಿಲ್ಲ, ಮಲಗಿದ್ದಲ್ಲೇ ಪವರ್ ಸಿಕ್ಕಿಬಿದ್ದ. ಸುಳಿವು ಕೊಟ್ಟು 500 ಪೌಂಡ್ ಬಹುಮಾನ ಪಡೆದವನು ಕೆಲ್ಲಿಯ ನೆಂಟನೇ. ಈಗ ಆ ಬಂಡೆಗೆ ಕಬ್ಬಿಣದ ಮೆಟ್ಟಿಲು ಹಾಕಿದ್ದಾರೆ. ಮೇಲೆ ನಿಂತರೆ ಇಡೀ ಕಣಿವೆ ಕಾಣುತ್ತದೆ. ಕಳ್ಳ ಈ ಜಾಗವನ್ನೇ ಏಕೆ ಆರಿಸಿಕೊಂಡ ಎಂದು ಯಾರೂ ವಿವರಿಸಬೇಕಾಗಿಲ್ಲ.

1899ರಲ್ಲಿ ವ್ಯಾಂಗರಟ್ಟದಿಂದ ವಿಟ್‌ಫೀಲ್ಡ್‌ಗೆ ಎರಡೂವರೆ ಅಡಿ ಅಗಲದ ಹಳಿ ಹಾಕಿ ಪುಟ್ಟ ರೈಲು ಬಿಟ್ಟರು. ವಿಕ್ಟೋರಿಯಾ ಸರ್ಕಾರ ಹಾಕಿದ ಕಿರುಹಳಿಗಳಲ್ಲಿ ಇದೇ ಮೊದಲನೆಯದು. ಲಾರಿಗಳು ಬಂದ ಮೇಲೆ ಸೊರಗಿ 1953ರಲ್ಲಿ ನಿಂತುಹೋಯಿತು. ಇದೇ ಕುಟುಂಬದ ಇನ್ನೊಂದು ಹಳಿಯ ಮೇಲೆ ಮೆಲ್ಬರ್ನ್ ಬಳಿ ಓಡುವ ಪಫಿಂಗ್ ಬಿಲ್ಲಿಯನ್ನು ಮಕ್ಕಳಿರುವ ಪ್ರತಿಯೊಬ್ಬ ಮೆಲ್ಬರ್ನ್ ಕನ್ನಡಿಗನೂ ಒಮ್ಮೆಯಾದರೂ ಹತ್ತಿರುತ್ತಾನೆ.

ರೈಲು ನಿಲ್ಲುವ ಹೊತ್ತಿಗೆ ಕಣಿವೆಗೆ ಹೊಸ ಜನ ಬರತೊಡಗಿದ್ದರು. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಕ್ಕೆ ದುಡಿಯುವ ಕೈ ಬೇಕಿತ್ತು, ಇಟಲಿಯಲ್ಲಿ ಕೆಲಸವಿರಲಿಲ್ಲ. ಇಲ್ಲಿಂದ ಹೆಚ್ಚು ದೂರವಿಲ್ಲದ ಬೊನೆಗಿಲ್ಲದಲ್ಲಿ ಸೇನೆಯ ಹಳೆಯ ಶಿಬಿರವನ್ನು ವಲಸಿಗರಿಗೆ ಬಿಟ್ಟುಕೊಟ್ಟರು. 1947ರಿಂದ 1971ರವರೆಗೆ ಮೂರು ಲಕ್ಷಕ್ಕೂ ಮಿಕ್ಕಿ ಜನ ಅದರ ತಗಡಿನ ಮನೆಗಳಲ್ಲಿ ಕೆಲಸಕ್ಕಾಗಿ ಕಾದರು. 1952ರಲ್ಲಿ ಕಾದು ಕಾದು ಸಾಕಾದ ಇಟಾಲಿಯನ್ನರು, ಕೆಲಸ ಕೊಡಿ, ಇಲ್ಲದಿದ್ದರೆ ಊರಿಗೆ ಕಳಿಸಿ ಎಂದು ದಂಗೆ ಎದ್ದದ್ದೂ ಉಂಟು. ಹೀಗೆ ಬಂದವರಲ್ಲಿ, ನೆಂಟರ ಕಾಗದ ಹಿಡಿದು ನೇರ ಬಂದವರಲ್ಲಿ, ಒಂದಷ್ಟು ಕುಟುಂಬಗಳು ಕಿಂಗ್ ಮತ್ತು ಓವೆನ್ಸ್ ಕಣಿವೆಗಳಿಗೆ ಇಳಿದವು. ಹೆಚ್ಚಿನವರು ಉತ್ತರ ಇಟಲಿಯ ಬೆಟ್ಟದ ಕಡೆಯವರು, ವೆನೆಟೊ, ಟ್ರೆಂಟಿನೊದವರು. ಕೈಯಲ್ಲಿ ಕಾಸಿರಲಿಲ್ಲ. ಜಮೀನು ಇದ್ದವರ ಹತ್ತಿರ ವಾರಕ್ಕೆ ಬೇಸಾಯ ಮಾಡಿದರು: ನೆಲ ಅವರದು, ದುಡಿಮೆ ಇವರದು, ಬಂದ ಹಣದಲ್ಲಿ ಪಾಲು.

ಹೊಗೆಸೊಪ್ಪಿನ ದುಡಿಮೆ ಎಂಥದು ಎಂಬುದು ಮೈಸೂರು ಸೀಮೆಯಲ್ಲಿ ಗೊತ್ತಿರುವ ವಿಷಯವೇ. ಗಿಡದ ಎಲೆಗಳು ಒಟ್ಟಿಗೆ ಮಾಗುವುದಿಲ್ಲ. ಬುಡದ ಎಲೆ ಮೊದಲು, ತುದಿಯದು ಕೊನೆಗೆ. ಆದ್ದರಿಂದ ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಬಗ್ಗಿ ಮುರಿಯಬೇಕು. ಎಲೆಯ ಅಂಟು ಕೈಗೆ ಮೆತ್ತಿ ಕಪ್ಪಗಾಗುತ್ತದೆ, ಸಾಬೂನಿಗೂ ಜಗ್ಗುವುದಿಲ್ಲ. ಮುರಿದ ಸೊಪ್ಪನ್ನು ಕಡ್ಡಿಗೆ ಪೋಣಿಸಿ ಬ್ಯಾರನ್ನಿನೊಳಗೆ ಅಟ್ಟದ ಮೇಲೆ ಅಟ್ಟವಾಗಿ ತೂಗುಹಾಕಿ, ಹೆಚ್ಚುಕಡಿಮೆ ಒಂದು ವಾರ ಬೇಯಿಸಬೇಕು. ಮೊದಲು ಸಣ್ಣ ಶಾಖದಲ್ಲಿ ಹಸಿರು ಹೋಗಿ ಹಳದಿ ಬರಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುನರ. ಶಾಖ ಅವಸರಪಟ್ಟರೆ ಸೊಪ್ಪು ಕಂದುತ್ತದೆ, ಬೆಲೆ ಬಿದ್ದುಹೋಗುತ್ತದೆ. ಹಾಗಾಗಿ ಮನೆಯ ಒಬ್ಬರು ರಾತ್ರಿಯೆಲ್ಲ ಬೆಂಕಿಯ ಮುಂದೆ ಕೂರಲೇಬೇಕು. ಗಂಡಸರು, ಹೆಂಗಸರು, ಶಾಲೆಯಿಂದ ಬಂದ ಮಕ್ಕಳು, ಎಲ್ಲರದ್ದೂ ಇದೇ ಕೆಲಸ. ಹೀಗೆ ದುಡಿದು ಕೆಲವೇ ವರ್ಷಗಳಲ್ಲಿ ಹಲವರು ಸ್ವಂತ ಜಮೀನು ಮಾಡಿಕೊಂಡರು.

ಇಟಲಿ ಆಗ ಮನೆಯೊಳಗಿತ್ತು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಟೊಮ್ಯಾಟೊ ಸಾಸ್ ಬಾಟಲಿಗೆ ತುಂಬುವುದು, ಚಳಿಗಾಲದಲ್ಲಿ ಹಂದಿ ಕೊಯ್ದು ಸಲಾಮಿ ತೂಗುಹಾಕುವುದು, ಮನೆಮಟ್ಟಿಗೆ ಒಂದು ಪೀಪಾಯಿ ವೈನ್. ಬಿಯರ್ ಕುಡಿಯುವ ನೆರೆಹೊರೆಯವರಿಗೆ ಅದೊಂದು ತಮಾಷೆ. ಬೆಳ್ಳುಳ್ಳಿ ವಾಸನೆಯೆಂದು ಹೀಯಾಳಿಸಿಕೊಂಡ ಮಕ್ಕಳೇ ಇಂದು ಅದೇ ಊಟವನ್ನು ಬಡಿಸಿ ದುಡ್ಡು ಎಣಿಸುತ್ತಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ದ್ರಾಕ್ಷಿ ಯಾರಿಂದ ಬಂತು? ಇಂಗ್ಲಿಷ್ ಹೆಸರಿನ ಮನೆತನದಿಂದ. ಮಿಲಾವದಲ್ಲಿ ಜಾನ್ ಫ್ರಾನ್ಸಿಸ್ ಬ್ರೌನ್ 1885ರಲ್ಲೇ ಬಳ್ಳಿ ನೆಟ್ಟಿದ್ದರು. 1889ರಲ್ಲಿ ಮೊದಲ ವೈನ್. ಬ್ರೌನ್ ಬ್ರದರ್ಸ್ ಆಸ್ಟ್ರೇಲಿಯದ ದೊಡ್ಡ ಹೆಸರುಗಳಲ್ಲಿ ಒಂದಾಗಿ ಬೆಳೆದು, 1970ರ ದಶಕದಲ್ಲಿ ಬಯಲಿಗಿಂತ ತಂಪಾದ ಜಾಗದ ಹಣ್ಣು ಹುಡುಕುತ್ತಿತ್ತು. ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಇದ್ದರೆ, ಅದರ ಮೇಲಿನ ವಿಟ್‌ಲ್ಯಾಂಡ್ಸ್ ಪ್ರಸ್ಥಭೂಮಿ 800 ಮೀಟರ್ ದಾಟುತ್ತದೆ. ಒಂದೇ ತಳಿ ಕೆಳಗೆ ಮಾಗಿ ವಾರಗಳು ಕಳೆದು ಎತ್ತರದಲ್ಲಿ ಮಾಗುತ್ತದೆ, ಹುಳಿ ಉಳಿಸಿಕೊಳ್ಳುತ್ತದೆ. ಅತ್ತ ಹೊಗೆಸೊಪ್ಪಿನ ಭವಿಷ್ಯ ಮಸುಕಾಗುತ್ತಿತ್ತು. ನೀರು, ನೆಲ, ದುಡಿದು ಅಭ್ಯಾಸವಿದ್ದ ಕೈ ಮೂರೂ ಇದ್ದ ರೈತರು, ಬ್ರೌನ್‌ನವರು ಕೊಳ್ಳುತ್ತೇವೆ ಎಂದದ್ದನ್ನು ನಂಬಿ ಬಳ್ಳಿ ಹಾಕಿದರು. ಅಂಥ ಕುಟುಂಬಗಳಲ್ಲಿ ಒಂದಾದ ಪಿಜ್ಜಿನಿ ಕುಟುಂಬ 1978ರಲ್ಲಿ ಮೊದಲು ನೆಟ್ಟದ್ದು ಇಟಲಿಯ ತಳಿಯಲ್ಲ, ಜರ್ಮನ್ ರೀಸ್ಲಿಂಗ್. ಮಾರುಕಟ್ಟೆ ಅದನ್ನು ಕೇಳುತ್ತಿತ್ತು. ನೆಬ್ಬಿಯೊಲೊ, ಸಾಂಜೊವೇಸೆಗಳ ಸರದಿ ಆಮೇಲೆ ಬಂತು. ಹಣ್ಣು ಮಾರುವುದು ಬಿಟ್ಟು ಸ್ವಂತ ಹೆಸರಿನಲ್ಲಿ ಬಾಟಲಿ ಮಾಡುವ ಧೈರ್ಯ ಇನ್ನೂ ತಡವಾಗಿ, 1990ರ ದಶಕದಲ್ಲಿ.

ಈ ಹೊತ್ತಿಗೆ ಸ್ಥಳೀಯ ಸೊಪ್ಪನ್ನು ಕೊಳ್ಳುವಂತೆ ಸಿಗರೇಟು ಕಂಪನಿಗಳನ್ನು ಕಟ್ಟಿಹಾಕಿದ್ದ ಸರ್ಕಾರಿ ರಕ್ಷಣೆಯೂ ಹೋಯಿತು. ಅಗ್ಗದ ಸೊಪ್ಪು ಹೊರಗಿನಿಂದ ಬಂತು. 2006ರಲ್ಲಿ ಕಂಪನಿಗಳು ಕೊಳ್ಳುವುದನ್ನೇ ನಿಲ್ಲಿಸಿದವು. ವಿಕ್ಟೋರಿಯಾದಲ್ಲಿ ಹೊಗೆಸೊಪ್ಪಿನ ಬೇಸಾಯ ಮುಗಿಯಿತು. ಇಂದು ಆಸ್ಟ್ರೇಲಿಯದಲ್ಲಿ ಪರವಾನಗಿಯಿಲ್ಲದೆ ಒಂದು ಗಿಡ ಬೆಳೆದರೂ ಅಪರಾಧ. ಒಂದು ಕಣಿವೆಯನ್ನೇ ಸಾಕಿದ ಬೆಳೆಯ ಬಗ್ಗೆ ವೈನರಿಗಳ ಗೋಡೆಯ ಮೇಲೆ ಒಂದೆರಡು ಹಳೆಯ ಫೋಟೋ ಸಿಕ್ಕರೆ ಹೆಚ್ಚು. ಹಳೆಯ ಬ್ಯಾರನ್ನಿಗಿಂತ ಹೊಸ ಬೊಚ್ಚೆ ಅಂಗಳ ಪ್ರವಾಸಿಗೆ ಹೇಳಲು ಸುಲಭ.

ಪ್ರೊಸೆಕ್ಕೊದ ಕತೆಯಲ್ಲಿ ವ್ಯಂಗ್ಯ ಇನ್ನೂ ಹೆಚ್ಚು. ಒಟ್ಟೊ ದಾಲ್ ಜೊಟ್ಟೊ 1967ರಲ್ಲಿ ವಲಸೆ ಬಂದವರು. ಹುಟ್ಟಿದ್ದು ವಾಲ್ದೊಬ್ಬಿಯಾದೆನೆಯಲ್ಲಿ, ಅಂದರೆ ಪ್ರೊಸೆಕ್ಕೊದ ತವರಿನಲ್ಲೇ. ಹೊಗೆಸೊಪ್ಪು ಬೆಳೆದು, ಆಮೇಲೆ ದ್ರಾಕ್ಷಿಗೆ ತಿರುಗಿ, 1999ರಲ್ಲಿ ವಿಟ್‌ಫೀಲ್ಡ್‌ನಲ್ಲಿ ಪ್ರೊಸೆಕ್ಕೊ ಬಳ್ಳಿ ನೆಟ್ಟರು, 2004ರಲ್ಲಿ ಬಾಟಲಿ ಹೊರಬಂತು. ಆಸ್ಟ್ರೇಲಿಯದಲ್ಲಿ ಅದೇ ಮೊದಲು. ಬುರುಬುರು ಗುಳ್ಳೆಯ, ಹಗುರ, ದುಬಾರಿಯಲ್ಲದ ಆ ವೈನ್ ಎಷ್ಟು ಓಡಿತೆಂದರೆ ಮಿಲಾವದಿಂದ ಚೆಶಂಟ್‌ವರೆಗಿನ ದಾರಿಗೆ ಪ್ರೊಸೆಕ್ಕೊ ರೋಡ್ ಎಂದೇ ಹೆಸರಿಟ್ಟರು. ಆದರೆ 2009ರಲ್ಲಿ ಇಟಲಿ ಆ ದ್ರಾಕ್ಷಿಯ ಹೆಸರನ್ನು ಗ್ಲೆರಾ ಎಂದು ಬದಲಿಸಿ, ಪ್ರೊಸೆಕ್ಕೊ ತನ್ನ ಒಂದು ಪ್ರದೇಶದ ಹೆಸರು, ಬೇರೆಯವರು ಬಳಸಕೂಡದು ಎಂದಿತು. ಆಸ್ಟ್ರೇಲಿಯದಲ್ಲಿ ಆ ಹಕ್ಕು ದಾಖಲಿಸಲು ಯುರೋಪ್ 2013ರಲ್ಲಿ ಮಾಡಿದ ಪ್ರಯತ್ನ ಫಲಿಸಲಿಲ್ಲ, ಜಗಳ ವ್ಯಾಪಾರ ಮಾತುಕತೆಗಳ ಮೇಜಿಗೆ ಹೋಯಿತು. ವಾಲ್ದೊಬ್ಬಿಯಾದೆನೆಯಲ್ಲಿ ಹುಟ್ಟಿದ ಮನುಷ್ಯ ತನ್ನ ಪ್ರೊಸೆಕ್ಕೊವನ್ನು ಆ ಹೆಸರಿನಲ್ಲಿ ತನ್ನ ಹುಟ್ಟೂರಿನಲ್ಲಿ ಮಾರುವಂತಿಲ್ಲ. ಇಟಲಿಯವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ದ್ರಾಕ್ಷಿಯ ಹೆಸರನ್ನು ಹೀಗೆ ರಾತ್ರೋರಾತ್ರಿ ಬದಲಿಸಿದ್ದು ನನಗೇನೋ ಆಟದ ಮಧ್ಯೆ ಗೆರೆ ಅಳಿಸಿ ಬರೆದ ಹಾಗೆ ಕಾಣುತ್ತದೆ.

ತೋಟದೊಳಗೆ ಮನಸ್ಸಿಗೆ ಬಂದಂತೆ ನುಗ್ಗುವ ಹಾಗಿಲ್ಲ. ಸಾಲಿನ ನಡುವೆ ಫೋಟೋ ತೆಗೆಸಿಕೊಳ್ಳಲು ಹೊರಟರೆ ಯಾರಾದರೂ ಬಂದು ತಡೆಯುತ್ತಾರೆ. ಫಿಲಾಕ್ಸೆರಾ ಎಂಬ ಬೇರುಹೇನು ಈ ಸೀಮೆಯ ಮಣ್ಣಿನಲ್ಲಿದೆ, ಬೂಟಿಗೆ ಮೆತ್ತಿದ ಮಣ್ಣಿನ ಜೊತೆ ಇನ್ನೊಂದು ತೋಟಕ್ಕೆ ಹೋಗುತ್ತದೆ. ಅದಕ್ಕೆ ಔಷಧವಿಲ್ಲ, ಹೇನು ತಾಳಿಕೊಳ್ಳುವ ಅಮೆರಿಕನ್ ಬೇರಿಗೆ ಕಸಿ ಮಾಡುವುದೊಂದೇ ದಾರಿ. ಇನ್ನೊಂದು ಭಯ ಕಾಳ್ಗಿಚ್ಚಿನದು. 2006ರ ಡಿಸೆಂಬರ್‌ನಲ್ಲಿ ಹತ್ತಿದ ಬೆಂಕಿ ಆಲ್ಪ್ಸ್ ಬೆಟ್ಟಸಾಲಿನಲ್ಲಿ 69 ದಿನ ಉರಿಯಿತು. ಬೆಂಕಿ ಮುಟ್ಟದ ತೋಟದಲ್ಲೂ ಹೊಗೆ ಹಣ್ಣಿನ ಸಿಪ್ಪೆಯೊಳಗೆ ಇಳಿದು ಸಕ್ಕರೆಯ ಜೊತೆ ಬೆರೆತು ಕೂರುತ್ತದೆ. ಹಣ್ಣು ತಿಂದರೆ ಗೊತ್ತಾಗದು, ವೈನ್ ಆದ ಮೇಲೆ ಬೂದಿ ನೆಕ್ಕಿದ ರುಚಿ. 2020ರ ಬೇಸಿಗೆಯಲ್ಲೂ ಹೀಗೇ ಆಗಿ, ಹಲವರು ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟರು.

ಕುಡಿಯದವರಿಗೂ ಇಲ್ಲಿ ದಿನ ಸಾಲದು. ಚೆಶಂಟ್‌ನಿಂದ ಮೇಲೆ ನದಿಗೆ 1970ರ ದಶಕದ ಆರಂಭದಲ್ಲಿ ಕಟ್ಟಿದ ಅಣೆಕಟ್ಟಿದೆ, ಅದರ ಹಿಂದಿನ ಕೆರೆಗೆ ವಿಲಿಯಂ ಹೊವೆಲ್ ಹೆಸರು. ಅಲ್ಲಿ ದೋಣಿ ಹುಟ್ಟು ಹಾಕಬಹುದು, ಟ್ರೌಟ್ ಮೀನಿಗೆ ಗಾಳ ಬಿಡಬಹುದು. ಅದರಾಚೆ ಆಲ್ಪೈನ್ ರಾಷ್ಟ್ರೀಯ ಉದ್ಯಾನದ ಕಾಡು. ಪ್ಯಾರಡೈಸ್ ಜಲಪಾತಕ್ಕೆ ಮಳೆಗಾಲ ಕಳೆದ ಕೂಡಲೇ ಹೋಗಬೇಕು, ಬೇಸಿಗೆಯಲ್ಲಿ ಬರೀ ಬಂಡೆ. ಸೈಕಲ್ಲಿಗೆ ಆಕ್ಸ್‌ಲಿ, ಮಿಲಾವದ ಸಮತಟ್ಟು ದಾರಿ ಒಳ್ಳೆಯದು, ಮಿಲಾವದ ಹಳೆಯ ಬೆಣ್ಣೆ ಕಾರ್ಖಾನೆಯಲ್ಲಿ 1988ರಿಂದ ಚೀಸ್ ಮಾಡುವವರಿದ್ದಾರೆ. ಕಾಡುದಾರಿಯಲ್ಲಿ ಮುಸ್ಸಂಜೆ ನಿಧಾನ ಓಡಿಸಿ. ಕಾಂಗರೂಗಳ ಜೊತೆ ಕಡವೆಗಳೂ ಅಡ್ಡ ಬರುತ್ತವೆ. ಹೌದು, ನಮ್ಮ ಬಂಡೀಪುರದ ಕಡವೆಯೇ. ಬೇಟೆಯ ಮೋಜಿಗೆಂದು 1860ರ ದಶಕದಲ್ಲಿ ಭಾರತ, ಸಿಂಹಳದಿಂದ ತಂದು ಬಿಟ್ಟವು. ಹುಲಿಯಿಲ್ಲದ ಕಾಡಿನಲ್ಲಿ ಬೆಳೆದು ಬೆಟ್ಟ ತುಂಬಿವೆ, ತೋಟದವರಿಗೆ ತಲೆನೋವಾಗಿವೆ.

ಮಾಂಸ ತಿನ್ನದವರು ಊಟಕ್ಕೆ ಹೆದರಬೇಕಾಗಿಲ್ಲ. ಆಲೂಗಡ್ಡೆಯ ನ್ಯೊಕ್ಕಿ ಎಲ್ಲ ಕಡೆ ಸಿಗುತ್ತದೆ. ವೆನೆಟೊದ ಬಡವರ ಊಟ ಪೊಲೆಂಟ. ಕುದಿನೀರಿಗೆ ಮುಸುಕಿನ ಜೋಳದ ಹಿಟ್ಟು ಸುರಿದು, ಗಂಟಾಗದಂತೆ ಕೋಲಿನಿಂದ ತಿರುವುತ್ತಲೇ ಇರಬೇಕು. ಮುದ್ದೆ ತಿರುವಿದ ಕೈಗೆ ಅದನ್ನು ಕಲಿಸಬೇಕಾಗಿಲ್ಲ.

ಹೋಗುವುದಾದರೆ ಏಪ್ರಿಲ್ ಒಳ್ಳೆಯ ತಿಂಗಳು, ಕೊಯ್ಲು ಮುಗಿದು ಎಲೆ ಕೆಂಪಾಗಿರುತ್ತದೆ. ನವೆಂಬರ್‌ನಲ್ಲಿ ವೈನರಿಗಳ ಹಬ್ಬ ನಡೆಯುತ್ತದೆ, ಜನವೂ ಜಾಸ್ತಿ. ರೈಲು ವ್ಯಾಂಗರಟ್ಟದವರೆಗೆ ಮಾತ್ರ, ಅಲ್ಲಿಂದ ಮುಂದೆ ಸ್ವಂತ ಕಾರಿಲ್ಲದೆ ಆಗುವುದಿಲ್ಲ. ವೈನರಿಗಳ ಸೆಲ್ಲರ್ ಡೋರ್‌ಗಳಲ್ಲಿ, ಅಂದರೆ ರುಚಿ ನೋಡುವ ಮಳಿಗೆಗಳಲ್ಲಿ, ಗುಟುಕು ಗುಟುಕಾಗಿ ರುಚಿ ನೋಡಿದ್ದೂ ಸೇರಿ ಲೆಕ್ಕಕ್ಕೆ ಬರುತ್ತದೆ. ವಿಕ್ಟೋರಿಯಾದಲ್ಲಿ ರಕ್ತದ ಮದ್ಯದ ಮಿತಿ 0.05, ಪೊಲೀಸರು ಎಲ್ಲಿ ಬೇಕಾದರೂ ಊದಿಸುತ್ತಾರೆ. ಕಾರಿಗೊಬ್ಬರು ಕುಡಿಯದವರಿರಲಿ. ನಮ್ಮ ಗುಂಪುಗಳಲ್ಲಿ ಅಂಥವರಿಗೆ ಬರವಿಲ್ಲ, ಶನಿವಾರ ಒಪ್ಪೊತ್ತು ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ.