ಕರೆಂಟ್ ಹೋದ ರಾತ್ರಿಯ ಉಸಿರು

2012ರ ಜುಲೈ 30ರ ನಸುಕಿನಲ್ಲಿ, ಗಂಟೆ 2.33ಕ್ಕೆ, ಉತ್ತರ ಭಾರತದ ವಿದ್ಯುತ್ ಜಾಲ ಕುಸಿದು ಬಿತ್ತು. ದೆಹಲಿ, ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶ ಎಲ್ಲವೂ ಕತ್ತಲೆಗೆ ಬಿದ್ದವು. ಮರುದಿನ ಮಧ್ಯಾಹ್ನ ಜಾಲ ಮತ್ತೊಮ್ಮೆ ಕುಸಿದಾಗ ಪೂರ್ವ ಮತ್ತು ಈಶಾನ್ಯ ರಾಜ್ಯಗಳೂ ಸೇರಿಕೊಂಡವು; ಅರವತ್ತು ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಅದು. ರೈಲು ನಿಂತಿದ್ದು, ಮೆಟ್ರೋ ನಿಂತಿದ್ದು ಪತ್ರಿಕೆಗಳಲ್ಲಿ ಬಂತು. ಮಂಚದ ಪಕ್ಕದ ಪುಟ್ಟ ಮೇಜಿನ ಮೇಲೆ ಸಣ್ಣಗೆ ಗುಂಯ್‌ಗುಡುತ್ತಿದ್ದ ಇನ್ನೊಂದು ಯಂತ್ರವೂ ಆ 2.33ಕ್ಕೇ ನಿಂತಿತು. ಅದು ಸುದ್ದಿಯಾಗುವ ಯಂತ್ರವಲ್ಲ.

ಅದರ ಹೆಸರು ಸಿಪ್ಯಾಪ್. ಸ್ಲೀಪ್ ಆಪ್ನಿಯ ಇರುವವರಿಗೆ ನಿದ್ದೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಅರೆ ಎಚ್ಚರ ಮಾಡಿಸುತ್ತದೆ, ಒಂದು ದೊಡ್ಡ ಗೊರಕೆಯೊಂದಿಗೆ ದಾರಿ ತೆರೆಯುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಗಂಟೆಗೆ 30 ಸಲ ಅಥವಾ ಅದಕ್ಕಿಂತ ಹೆಚ್ಚು ಹೀಗಾದರೆ ವೈದ್ಯರು ಅದನ್ನು ತೀವ್ರ ಎನ್ನುತ್ತಾರೆ. ಸಿಪ್ಯಾಪ್ ಮಾಡುವುದು ಇಷ್ಟೇ: ಮಾಸ್ಕಿನ ಮೂಲಕ ಎಡೆಬಿಡದೆ ಗಾಳಿಯನ್ನು ಒತ್ತಿ ಆ ದಾರಿ ಕುಸಿಯದಂತೆ ಆನಿಸಿ ಹಿಡಿಯುವುದು.

1980ಕ್ಕೆ ಮೊದಲು ಇದಕ್ಕೆ ಇದ್ದ ಭರವಸೆಯ ಚಿಕಿತ್ಸೆ ಕತ್ತಿನಲ್ಲಿ ರಂಧ್ರ ಕೊರೆಯುವುದು. ಹಗಲು ಮುಚ್ಚಿಟ್ಟು ರಾತ್ರಿ ತೆರೆದರೆ ಗಾಳಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತಿತ್ತು. ಘೋರವೇ ಸರಿ, ಆದರೆ ಆ ರಂಧ್ರಕ್ಕೆ ಕರೆಂಟ್ ಬೇಕಿರಲಿಲ್ಲ. ಆ ವರ್ಷ ಸಿಡ್ನಿಯಲ್ಲಿ ಇಂಥದೇ ಶಸ್ತ್ರಚಿಕಿತ್ಸೆ ಬೇಡವೆಂದ ರೋಗಿಯೊಬ್ಬ ವೈದ್ಯ ಕಾಲಿನ್ ಸಲಿವನ್ ಅವರ ಪ್ರಯೋಗಕ್ಕೆ ಒಪ್ಪಿದ. ವ್ಯಾಕ್ಯೂಮ್ ಕ್ಲೀನರಿನ ಬ್ಲೋವರ್ ಅನ್ನು ತಿರುಗುಮುರುಗು ಮಾಡಿ, ಎಳೆಯುವ ಗಾಳಿಯ ಬದಲು ಊದುವ ಗಾಳಿಯನ್ನು ಕೊಳವೆಯ ಮೂಲಕ ಅವನ ಮೂಗಿಗೆ ಜೋಡಿಸಿದರು. ಉಸಿರು ನಿಲ್ಲುವುದು ನಿಂತಿತು. 1981ರ ಏಪ್ರಿಲ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಲ್ಲಿದ್ದವರು ಐದೇ ರೋಗಿಗಳು. ಆರಂಭದ ದಿನಗಳಲ್ಲಿ ಮುಖದ ಅಚ್ಚು ತೆಗೆದು ಮಾಡಿದ ಮಾಸ್ಕನ್ನು ಪ್ರತಿ ರಾತ್ರಿ ಮುಖಕ್ಕೆ ಅಂಟಿಸಿಕೊಳ್ಳಬೇಕಿತ್ತು. ಯಂತ್ರದ ಸದ್ದೋ, ಕೇಳುವುದೇ ಬೇಡ.

ಉಸಿರಾಟದ ಯಂತ್ರಕ್ಕೆ ವ್ಯಾಕ್ಯೂಮ್ ಕ್ಲೀನರ್ ನೆರವಾದದ್ದು ಅದೇ ಮೊದಲಲ್ಲ. 1928ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಮೊದಲ ಸಲ ಬಳಕೆಯಾದ ‘ಕಬ್ಬಿಣದ ಶ್ವಾಸಕೋಶ’ಕ್ಕೂ ಫಿಲಿಪ್ ಡ್ರಿಂಕರ್ ಎರಡು ವ್ಯಾಕ್ಯೂಮ್ ಕ್ಲೀನರುಗಳ ಪಂಪನ್ನೇ ಬಳಸಿದ್ದರು. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಪೋಲಿಯೊ ಬಡಿದು ಆ ಪೆಟ್ಟಿಗೆಯೊಳಗೆ ಮಲಗಿದವರಿಗೆ ಯಂತ್ರ ನಿಂತರೆ ಉಸಿರೂ ನಿಂತಂತೆ. ಆದ್ದರಿಂದ ಕರೆಂಟ್ ಹೋದರೆ ಏನು ಎಂಬ ಪ್ರಶ್ನೆ ಬೇಗನೇ ಎದ್ದಿತು; ಮುಂದೆ ಬಂದ ಮಾದರಿಗಳಲ್ಲಿ ಕೈಯಿಂದ ತಿದಿ ಒತ್ತುವ ಹಿಡಿಕೆ ಇತ್ತು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ ಯಂತ್ರಗಳೇ ಸಾಲದಾದಾಗ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ರಬ್ಬರ್ ಚೀಲ ಅದುಮಿ ರೋಗಿಗಳಿಗೆ ಉಸಿರು ಕೊಟ್ಟರು. ಕೈ ಯಾವಾಗಲೂ ಸಾಲುವುದಿಲ್ಲ, ಅದೂ ನಿಜ. 2008ರ ಮೇ ತಿಂಗಳಲ್ಲಿ ಅಮೆರಿಕದ ಟೆನೆಸಿಯಲ್ಲಿ ಬಾಲ್ಯದಿಂದಲೂ ಆ ಪೆಟ್ಟಿಗೆಯಲ್ಲೇ ಬದುಕಿದ್ದ ಅರವತ್ತೊಂದರ ಮಹಿಳೆಯೊಬ್ಬರ ಮನೆಯ ಕರೆಂಟ್ ಹೋಯಿತು, ಜನರೇಟರ್ ಕೈಕೊಟ್ಟಿತು. ಮನೆಯವರು ಕೈಯಿಂದ ಒತ್ತಿ ನೋಡಿದರು, ಅವರು ಉಳಿಯಲಿಲ್ಲ.

ಸಿಪ್ಯಾಪ್ ನಿಂತರೆ ಹಾಗಾಗುವುದಿಲ್ಲ. ಮಲಗಿದವರು ತಮ್ಮ ಹಳೆಯ ರೋಗಕ್ಕೆ ಮರಳುತ್ತಾರೆ, ಅಷ್ಟೆ. ಈ ‘ಅಷ್ಟೆ’ಯಿಂದಲೇ ಈ ಯಂತ್ರಕ್ಕೆ ಅನ್ಯಾಯವಾಗಿದ್ದು. ಜೀವರಕ್ಷಕ ಅಲ್ಲವೆಂದು ಸಿಪ್ಯಾಪ್ ಗೋಡೆಯ ಪ್ಲಗ್ಗನ್ನೇ ನಂಬಿ ಬೆಳೆಯಿತು. ಬಹುತೇಕ ಮಾದರಿಗಳ ಒಳಗೆ ಇಂದಿಗೂ ಬ್ಯಾಟರಿ ಇಲ್ಲ; ನೂರು ರೂಪಾಯಿಯ ಟಾರ್ಚಿಗೆ ಇರುವ ಭಾಗ್ಯ ಸಾವಿರಾರು ರೂಪಾಯಿಯ ಈ ಡಬ್ಬಿಗಿಲ್ಲ. ತೀವ್ರ ಆಪ್ನಿಯ ಇರುವವರಿಗೆ ಒಂದು ರಾತ್ರಿ ತಪ್ಪಿದರೂ ಮರುದಿನ ತೂಕಡಿಕೆ ಬರುತ್ತದೆ, ಅವರು ಸ್ಟಿಯರಿಂಗ್ ಹಿಡಿಯುವವರಾದರೆ ರಸ್ತೆಯಲ್ಲಿರುವ ಉಳಿದವರಿಗೂ ಅದು ಸಂಬಂಧಪಟ್ಟ ವಿಷಯ. ಮಾಸ್ಕಿನದ್ದೂ ಒಂದು ತಕರಾರಿದೆ. ಬಿಟ್ಟ ಉಸಿರು ಹೊರಹೋಗಲು ಅದರಲ್ಲಿ ಸಣ್ಣ ರಂಧ್ರಗಳಿರುತ್ತವೆ, ಆದರೆ ಒಳಗಿನ ಗಾಳಿಯ ಒತ್ತಡವಿದ್ದರೆ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಅದಕ್ಕೆಂದೇ ಒಂದು ಕವಾಟವಿಟ್ಟಿದ್ದಾರೆ: ಗಾಳಿ ನಿಂತೊಡನೆ ಅದು ಕೋಣೆಯ ಕಡೆಗೆ ತೆರೆದುಕೊಳ್ಳುತ್ತದೆ. ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಮಾಸ್ಕ್, ಯಂತ್ರವಲ್ಲ.

ವಿಚಿತ್ರವೆಂದರೆ, ಈ ಕೆಲಸಕ್ಕೆ ಬೇಕಾದ ಶಕ್ತಿ ತೀರಾ ಕಡಿಮೆ. ಗಂಟಲನ್ನು ತೆರೆದಿಡಲು ಬೇಕಾದ ಸಾಮಾನ್ಯ ಒತ್ತಡ ಸುಮಾರು 10 ಸೆಂಟಿಮೀಟರ್ ನೀರಿನಷ್ಟು, ಅಂದರೆ ಒಂದು ಸ್ಟೀಲ್ ಲೋಟದ ಎತ್ತರ. ನಿಮಿಷಕ್ಕೆ 40 ಲೀಟರ್ ಗಾಳಿಯನ್ನು ಆ ಒತ್ತಡದಲ್ಲಿ ತಳ್ಳಲು ಭೌತಶಾಸ್ತ್ರದ ಲೆಕ್ಕದಲ್ಲಿ ಒಂದು ವ್ಯಾಟ್ ಕೂಡ ಬೇಡ. ವ್ಯಾಕ್ಯೂಮ್ ಕ್ಲೀನರಿನ ಮೋಟಾರು ನೂರಾರು ವ್ಯಾಟ್ ನುಂಗುತ್ತಿತ್ತು. ಬ್ರಷ್ ಇಲ್ಲದ ಸಣ್ಣ ಡಿಸಿ ಮೋಟಾರುಗಳು ಬಂದ ಮೇಲೆ ಯಂತ್ರ 12 ಅಥವಾ 24 ವೋಲ್ಟಿಗೆ ಇಳಿಯಿತು, ಬರೀ ಗಾಳಿ ಊದಲು 30 ವ್ಯಾಟ್ ಧಾರಾಳವಾಯಿತು. ಬ್ಯಾಟರಿಗೆ ದಾರಿ ತೆರೆದದ್ದು ಅಲ್ಲಿ.

ಅಷ್ಟರಲ್ಲಿ ನೀರಿನ ತೊಟ್ಟಿ ಬಂತು. ರಾತ್ರಿಯಿಡೀ ಒಣಗಾಳಿ ಊದಿದರೆ ಮೂಗು ಗಂಟಲು ಒಣಗುತ್ತವೆಂದು ಗಾಳಿಗೆ ಬಿಸಿ ತೇವ ಬೆರೆಸುವ ಹ್ಯುಮಿಡಿಫೈಯರನ್ನು ಯಂತ್ರಕ್ಕೇ ಸೇರಿಸಿದರು. ಸುಖವೇನೋ ಹೌದು, ಆದರೆ ನೀರು ಕಾಯಿಸುವುದು ಗಾಳಿ ಊದಿದಷ್ಟು ಅಗ್ಗವಲ್ಲ. ಬ್ಯಾಟರಿಯ ಹೆಚ್ಚಿನ ಪಾಲು ಇಂದು ಖರ್ಚಾಗುವುದು ಉಸಿರಿಗಲ್ಲ, ಈ ಬಿಸಿಗೆ.

ಬೆಂಗಳೂರಿನವರು ಯುಪಿಎಸ್ ಎಂದೂ ದೆಹಲಿಯವರು ಇನ್ವರ್ಟರ್ ಎಂದೂ ಕರೆಯುವ ಡಬ್ಬಿ ನಮ್ಮ ದೇಶದ ಉತ್ತರ. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಇರುತ್ತದೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಅರ್ಧ ಎಂದಿಟ್ಟುಕೊಂಡರೂ 900. ಬಿಸಿ ಆರಿಸಿದ ಸಿಪ್ಯಾಪ್ ಎಂಟು ಗಂಟೆಗೆ ಬೇಡುವುದು ಸುಮಾರು 240. ಆ ಬ್ಯಾಟರಿ ಇದೊಂದಕ್ಕೇ ಮೀಸಲಾದರೆ ಎರಡು ಮೂರು ರಾತ್ರಿ ಕಳೆಯಬಹುದು. ಆದರೆ ಫ್ಯಾನುಗಳೂ ದೀಪಗಳೂ ಅದೇ ತಂತಿಯಲ್ಲಿವೆ. ಜೊತೆಗೆ ಬ್ಯಾಟರಿಯ 12 ವೋಲ್ಟ್ ಮೊದಲು 230 ವೋಲ್ಟಿನ ಎಸಿ ಆಗಿ, ಅಡಾಪ್ಟರಿನಲ್ಲಿ ಮತ್ತೆ 24 ವೋಲ್ಟಿನ ಡಿಸಿಗೆ ಇಳಿಯಬೇಕು. ಬೆಂಗಳೂರಿನಿಂದ ಮೈಸೂರಿಗೆ ಚೆನ್ನೈ ಮೇಲೆ ಹೋದಂತೆ, ದಾರಿಯುದ್ದಕ್ಕೂ ಸೋರಿಕೆ. ಯಂತ್ರಕ್ಕೆ ತಕ್ಕ ಡಿಸಿ ಕನ್ವರ್ಟರ್ ಇದ್ದರೆ ಈ ಸುತ್ತು ತಪ್ಪುತ್ತದೆ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಬೆಳೆದು ದಿಂಬಿನ ಪಕ್ಕ ಇಡುವಷ್ಟು ಸಣ್ಣದಾದ ಮೇಲೆ ರೈಲಿನಲ್ಲೂ ಮಾಸ್ಕ್ ಹಾಕಿ ಮಲಗುವುದು ಸಾಧ್ಯವಾಯಿತು. ವಿಮಾನದಲ್ಲಿ ಮಾತ್ರ 100 ವ್ಯಾಟ್ ಅವರ್ ಮೀರಿದರೆ ಕಂಪನಿಯ ಅನುಮತಿ ಬೇಕು, 160 ಮೀರಿದರೆ ಒಯ್ಯುವಂತಿಲ್ಲ.

2019ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾಕ್ಕೂ ಈ ಪ್ರಶ್ನೆ ಎದುರಾಯಿತು. ಒಣಗಾಳಿಗೆ ತಂತಿ ಕಡಿದು ಕಾಡು ಹೊತ್ತೀತೆಂದು ವಿದ್ಯುತ್ ಕಂಪನಿಯೇ ಲಕ್ಷಾಂತರ ಮನೆಗಳ ಕರೆಂಟ್ ತೆಗೆಯಿತು, ಕೆಲವೆಡೆ ದಿನಗಟ್ಟಲೆ. ವೈದ್ಯಕೀಯ ಯಂತ್ರಗಳಿದ್ದ ಮನೆಗಳ ಪಟ್ಟಿ ಕಂಪನಿಯ ಬಳಿ ಮೊದಲೇ ಇತ್ತು, ಆದರೆ ಆ ಪಟ್ಟಿಯಲ್ಲಿದ್ದವರಿಗೆ ಸಿಗುತ್ತಿದ್ದದ್ದು ಬಿಲ್ಲಿನಲ್ಲಿ ರಿಯಾಯಿತಿ ಮತ್ತು ಕರೆಂಟ್ ತೆಗೆಯುವ ಮುನ್ನ ಒಂದು ಎಚ್ಚರಿಕೆ. ಮರುವರ್ಷ ಅದೇ ಕಂಪನಿ ಅಂಥ ಕೆಲವು ಮನೆಗಳಿಗೆ ಸೂಟ್‌ಕೇಸ್ ಗಾತ್ರದ ಬ್ಯಾಟರಿಗಳನ್ನು ಉಚಿತವಾಗಿ ಹಂಚತೊಡಗಿತು.