ತಂತಿಯಾಚೆಯ ತಾಳ

ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ, ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಸಂಗೀತ ಕಚೇರಿಯಲ್ಲಿ ಗಾಯಕರಿಂದ ಒಂದೂವರೆ ಮೀಟರ್ ಆಚೆ ಕೂತ ಮೃದಂಗದ ಪೆಟ್ಟು ಅವರ ಕಿವಿ ತಲುಪಲು ನಾಲ್ಕೂವರೆ ಮಿಲಿಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಯಾರ ಗಮನಕ್ಕೂ ಬರುವುದಿಲ್ಲ. ಪಾಶ್ಚಾತ್ಯ ಆರ್ಕೆಸ್ಟ್ರಾದ ಮಾತು ಬೇರೆ. ಇಪ್ಪತ್ತು ಮೀಟರ್ ಅಗಲದ ವೇದಿಕೆಯ ಎರಡು ತುದಿಗಳಲ್ಲಿ ಕೂತವರ ನಡುವೆ 58 ಮಿಲಿಸೆಕೆಂಡಿನ ಅಂತರ ಬೀಳುತ್ತದೆ. ಒಬ್ಬರನ್ನೊಬ್ಬರು ಕೇಳಿಕೊಂಡೇ ನುಡಿಸಹೊರಟರೆ ಅಲ್ಲಿ ತಾಳ ಕೆಡುತ್ತದೆ. ಕಂಡಕ್ಟರನ ಕೈಯಲ್ಲಿ ಕೋಲು ಇರುವುದಕ್ಕೆ ಇದೂ ಒಂದು ಕಾರಣ: ಕಣ್ಣಿಗೆ ಬೀಳುವ ಸನ್ನೆಗೆ ವಿಳಂಬವಿಲ್ಲ. ಇಂಟರ್ನೆಟ್ಟಿನಲ್ಲಿ ಜೊತೆಗೂಡಿ ನುಡಿಸುವವರು ಲೇಟೆನ್ಸಿ ಎಂದು ಕರೆಯುವ ತೊಡಕು ಕಂಪ್ಯೂಟರಿಗಿಂತ ಬಹಳ ಹಳೆಯದು.

ಹದಿನಾರನೆಯ ಶತಮಾನದ ವೆನಿಸ್‌ನಲ್ಲಿ ಸೇಂಟ್ ಮಾರ್ಕ್ ಚರ್ಚಿಗಾಗಿ ಬರೆದ ಸಂಗೀತಗಾರರು ಇದನ್ನು ರಚನೆಯಲ್ಲೇ ನಿಭಾಯಿಸಿದರು. ದೂರದೂರ ನಿಂತ ಮೇಳಗಳು ಬಹುಪಾಲು ಸವಾಲು ಜವಾಬಿನಂತೆ ಸರದಿಯಲ್ಲಿ ಹಾಡುತ್ತಿದ್ದವು. ಒಂದು ಮೇಳ ಮುಗಿಸಿದ ಮೇಲೆ ಇನ್ನೊಂದು ಎತ್ತಿಕೊಂಡರೆ ನಡುವಿನ ಚೂರು ತಡ ಯಾರಿಗೂ ಕೇಳಿಸುವುದಿಲ್ಲ. ಆಂಡ್ರಿಯಾ ಮತ್ತು ಜೊವಾನ್ನಿ ಗಾಬ್ರಿಯೆಲಿ ಈ ಪದ್ಧತಿಯನ್ನು ಅದರ ತುದಿ ಮುಟ್ಟಿಸಿದವರು.

ವಿಳಂಬವನ್ನು ವಿದ್ಯುತ್ತಿನಿಂದ ಗೆಲ್ಲಹೊರಟವನು ಫ್ರಾನ್ಸಿನ ಹೆಕ್ಟರ್ ಬರ್ಲಿಯೋಜ್. 1855ರ ನವೆಂಬರಿನಲ್ಲಿ, ಪ್ಯಾರಿಸಿನ ಮಹಾಪ್ರದರ್ಶನ ನಡೆದಿದ್ದ ವಿಶಾಲ ಕಟ್ಟಡದಲ್ಲಿ, ಸುಮಾರು 1,200 ಗಾಯಕ ವಾದಕರನ್ನು ಅವನು ಒಂದೇ ತಾಳಕ್ಕೆ ತರಬೇಕಾಗಿತ್ತು. ಅಷ್ಟು ದೊಡ್ಡ ಗುಂಪಿನಲ್ಲಿ ಹಿಂದಿನ ಸಾಲಿನವರಿಗೆ ಮುಂದಿನವರ ನಾದ ತಡವಾಗಿ ಮುಟ್ಟುತ್ತದೆ, ಕೋಲೂ ನೆಟ್ಟಗೆ ಕಾಣುವುದಿಲ್ಲ. ಬ್ರಸೆಲ್ಸಿನ ವೆರ್‌ಬ್ರೂಗ್ ಎಂಬ ಕುಶಲಿ ಇದಕ್ಕೊಂದು ವಿದ್ಯುತ್ ಮೆಟ್ರೊನೋಮ್ ಮಾಡಿಕೊಟ್ಟ. ಬರ್ಲಿಯೋಜ್ ಬಲಗೈಯಲ್ಲಿ ಎಂದಿನಂತೆ ಕೋಲಾಡಿಸುತ್ತ ಎಡಗೈ ಬೆರಳಿನಿಂದ ಗುಂಡಿ ಒತ್ತುತ್ತಿದ್ದ. ಪ್ರತಿ ಒತ್ತಿಗೂ ತಂತಿಯ ಆ ತುದಿಯಲ್ಲಿ, ಸಹಾಯಕ ಕಂಡಕ್ಟರುಗಳ ಎದುರು, ಒಂದು ಪುಟ್ಟ ಕೋಲು ಅಲುಗುತ್ತಿತ್ತು. ಅವರು ಅದನ್ನು ನೋಡಿ ತಮ್ಮ ತಮ್ಮ ಗುಂಪಿಗೆ ತಾಳ ಹಾಕುತ್ತಿದ್ದರು. ತಂತಿಯಲ್ಲಿ ಹರಿದದ್ದು ನಾದವಲ್ಲ, ಬರಿಯ ತಾಳ. ಈ ಏರ್ಪಾಡನ್ನು ಅವನು ಕಂಡಕ್ಟರನ ಕಲೆಯ ಕುರಿತ ತನ್ನ ಬರಹದಲ್ಲಿ ವಿವರಿಸಿ ಹೊಗಳಿದ್ದಾನೆ.

ನಾದವೇ ತಂತಿಯೇರಿದ್ದು ಟೆಲಿಫೋನಿನ ಕಾಲದಲ್ಲಿ. 1881ರಲ್ಲಿ ಕ್ಲೆಮಾಂ ಅದೇರ್ ಪ್ಯಾರಿಸಿನ ಆಪೆರಾವನ್ನು ವಿದ್ಯುತ್ ಪ್ರದರ್ಶನದ ಸಭಾಂಗಣಕ್ಕೆ ಟೆಲಿಫೋನ್ ಮೂಲಕ ಕೇಳಿಸಿದ. 1906ರಲ್ಲಿ ನ್ಯೂಯಾರ್ಕಿನಲ್ಲಿ ಥ್ಯಾಡಿಯಸ್ ಕಾಹಿಲ್‌ನ ಟೆಲ್‌ಹಾರ್ಮೋನಿಯಂ, ಸುಮಾರು 200 ಟನ್ ತೂಕದ ದೈತ್ಯ ವಾದ್ಯ, ಹೋಟೆಲುಗಳಿಗೆ ಟೆಲಿಫೋನ್ ತಂತಿಯಲ್ಲೇ ಸಂಗೀತ ಹರಿಸಿತು. ಇವೆಲ್ಲ ಒಮ್ಮುಖ. ಕೇಳುಗನಿಗೆ ಅರ್ಧ ಸೆಕೆಂಡು ತಡವಾದರೂ ಗೊತ್ತಾಗದು, ಅವನಿಗೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಆ ತುದಿಯವರೂ ಬಾಯಿ ತೆರೆದಾಗಷ್ಟೇ ತಡಕ್ಕೆ ಅರ್ಥ ಬರುತ್ತದೆ. 1966ರಲ್ಲಿ ಮ್ಯಾಕ್ಸ್ ನ್ಯೂಹಾಸ್ ನ್ಯೂಯಾರ್ಕಿನ ರೇಡಿಯೋ ನಿಲಯವೊಂದರಲ್ಲಿ ಕೂತು, ಟೆಲಿಫೋನ್ ಮಾಡಿದ ಶ್ರೋತೃಗಳ ಸದ್ದುಗಳನ್ನು ಬೆರೆಸಿ ಪ್ರಸಾರ ಮಾಡಿದ. ಆ ತಂತಿಗಳಲ್ಲಿ ವಿಳಂಬ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ವಿಚಿತ್ರವೆಂದರೆ, ಊರೊಳಗಿನ ಹಳೆಯ ಟೆಲಿಫೋನು ಈ ಒಂದು ವಿಷಯದಲ್ಲಿ ಇಂದಿನ ವಿಡಿಯೋ ಕರೆಗಿಂತ ಎಷ್ಟೋ ಮೇಲಾಗಿತ್ತು. ಉಪಗ್ರಹದ ಹಾದಿ ಹಿಡಿದ ಮೇಲೆ ಸ್ಥಿತಿ ಕೆಟ್ಟಿತು: 35,786 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಇಳಿಯುವಷ್ಟರಲ್ಲಿ ಸುಮಾರು 240 ಮಿಲಿಸೆಕೆಂಡು ಕಳೆದಿರುತ್ತದೆ.

ಡಿಜಿಟಲ್ ಯಂತ್ರದಲ್ಲಿ ತಡ ಹುಟ್ಟುವ ಬಗೆಯೇ ಬೇರೆ. ಸೌಂಡ್ ಕಾರ್ಡ್ ನಾದವನ್ನು ಸೆಕೆಂಡಿಗೆ 48,000 ಬಾರಿ ಅಳೆಯುತ್ತದೆ. ಅಳತೆ ಬಂದ ಹಾಗೆಯೇ ಒಂದೊಂದಾಗಿ ಮುಂದೆ ಹೋಗುವುದಿಲ್ಲ. ಬಫರ್ ಎಂಬ ಬುಟ್ಟಿ ತುಂಬುವವರೆಗೆ ಕಾದು, ಗುಂಪಾಗಿ ಹೊರಡುತ್ತದೆ. ಬುಟ್ಟಿ 1,024 ಅಳತೆಗಳದ್ದಾದರೆ ತುಂಬಲು 21 ಮಿಲಿಸೆಕೆಂಡು ಬೇಕು, 64ರದ್ದಾದರೆ ಒಂದೂಕಾಲಿಗಿಂತ ತುಸು ಹೆಚ್ಚು. ಬುಟ್ಟಿ ಚಿಕ್ಕದಾದಷ್ಟೂ ಕಂಪ್ಯೂಟರಿಗೆ ಬಿಡುವಿಲ್ಲದ ಓಡಾಟ. ಒಮ್ಮೆ ಎಡವಿದರೆ ಪಟಪಟ ಸದ್ದು ಕೇಳುತ್ತದೆ. ಇಂಟರ್ನೆಟ್ಟಿನಲ್ಲಿ ಇನ್ನೊಂದು ಬುಟ್ಟಿ ಸೇರುತ್ತದೆ. ನಾದದ ತುಣುಕುಗಳನ್ನು ಹೊತ್ತ ಪ್ಯಾಕೆಟ್ಟುಗಳು ಸಮಗತಿಯಲ್ಲಿ ಬರುವುದಿಲ್ಲ. ಒಂದು ಬೇಗ, ಇನ್ನೊಂದು ತಡ. ಈ ಏರುಪೇರಿಗೆ ಜಿಟರ್ ಎಂದು ಹೆಸರು. ಅದನ್ನು ಸರಿದೂಗಿಸಲು ಕೇಳುವ ತುದಿಯಲ್ಲಿ ಸ್ವಲ್ಪ ಹೊತ್ತು ಕಾದು ಸಾಲಾಗಿ ಜೋಡಿಸಿಕೊಳ್ಳಬೇಕು. ಹೀಗೆ ಅಲ್ಲಿಷ್ಟು ಇಲ್ಲಿಷ್ಟು ಕಾದದ್ದೇ ಕೂಡಿ, ನಾದವನ್ನು ಹೊತ್ತ ಬೆಳಕು ಫೈಬರ್ ಹಾದಿಯಲ್ಲಿ ಕಳೆದ ಹೊತ್ತಿಗಿಂತ ಎಷ್ಟೋ ಸಲ ದೊಡ್ಡದಾಗುತ್ತದೆ.

ಕಂಪ್ಯೂಟರ್ ಜೋಡಿಸಿ ದೂರದಿಂದ ಜೊತೆಗೂಡಿ ನುಡಿಸಲು ಮೊದಲು ಪ್ರಯತ್ನಿಸಿದವರು ನಾದವನ್ನು ಕಳಿಸದೆ ಸೂಚನೆಯನ್ನಷ್ಟೇ ಕಳಿಸಿದರು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ‘ದಿ ಹಬ್’ ಎಂಬ ಕಂಪ್ಯೂಟರ್ ವಾದ್ಯಗೋಷ್ಠಿ 1987ರಲ್ಲಿ ನ್ಯೂಯಾರ್ಕಿನ ಎರಡು ಸಭಾಂಗಣಗಳಲ್ಲಿ ಮೂವರಂತೆ ಕೂತು, ಮೋಡೆಮ್ ಮೂಲಕ ಒಂದರ ಯಂತ್ರಗಳನ್ನು ಇನ್ನೊಂದರವಕ್ಕೆ ಜೋಡಿಸಿ ನುಡಿಸಿತು. ಅದೇ ತಂಡ ಹತ್ತು ವರ್ಷದ ಮೇಲೆ ಮೂರು ಊರುಗಳ ನಡುವೆ ಇಂಟರ್ನೆಟ್ ಕಚೇರಿಗೆ ಕೈಹಾಕಿದಾಗ ಸಂಗೀತಕ್ಕಿಂತ ಸಂಪರ್ಕ ಕೂಡಿಸುವುದೇ ದೊಡ್ಡ ಕೆಲಸವಾಯಿತು. 1997ರಲ್ಲೇ ಇನ್ನೊಂದು ಕಡೆಯಿಂದ ನೆರವು ಬಂತು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯ ಆಸಿಯೋ ಎಂಬ ವ್ಯವಸ್ಥೆ, ವಿಂಡೋಸ್‌ನ ನಿಧಾನದ ಹಾದಿಯನ್ನು ಬಳಸಿಹೋಗಿ ಸೌಂಡ್ ಕಾರ್ಡಿನ ಜೊತೆ ನೇರ ಮಾತಾಡುವ ದಾರಿ ತೆರೆಯಿತು. ಅದನ್ನು ಮಾಡಿದ್ದು ಸ್ಟುಡಿಯೋಗಳಿಗಾಗಿ. ಫಲ ಉಂಡವರಲ್ಲಿ ದೂರದ ಜೊತೆಗಾರರೂ ಸೇರಿದರು.

ಗಂಭೀರ ಅಧ್ಯಯನ ಆರಂಭವಾದದ್ದು 2000ದ ಆಸುಪಾಸಿನಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಲ್ಲಿ. ಚೆಲ್ಲೋ ವಾದಕರೂ ಆದ ಕ್ರಿಸ್ ಶೇಫ್ ಅದರ ಮುಂದಾಳು. ವಿಶ್ವವಿದ್ಯಾಲಯಗಳನ್ನು ಜೋಡಿಸಿದ್ದ ಅತಿವೇಗದ ಜಾಲದಲ್ಲಿ, ಸಂಕುಚಿಸದ ನಾದವನ್ನು ಅವರ ತಂಡ ಹರಿಸಿತು. ಕಳೆದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳುವ ಗೋಜು ಬೇಡವೆಂಬುದು ಅಲ್ಲಿನ ಸೂತ್ರ. ಹೋದ ಸ್ವರ ತಡವಾಗಿ ಬಂದು ಮಾಡುವುದಾದರೂ ಏನು? ಈ ಕೆಲಸದಿಂದ ರೂಪುಗೊಂಡ ಜ್ಯಾಕ್‌ಟ್ರಿಪ್ ಎಂಬ ತಂತ್ರಾಂಶವನ್ನು ಶೇಫ್ ಮತ್ತು ಹ್ವಾನ್-ಪಾಬ್ಲೊ ಕಾಸೆರೆಸ್ ಬೆಳೆಸಿದರು. ಶೇಫ್‌ಗೆ ವಿಳಂಬ ಬರೀ ಶತ್ರುವಾಗಿರಲಿಲ್ಲ. 2001ರಲ್ಲಿ ಗ್ರೆಗ್ ನೀಮೆಯರ್ ಜೊತೆ ಅವರು ಮಾಡಿದ ‘ಪಿಂಗ್’ ಎಂಬ ಕಲಾಕೃತಿಯಲ್ಲಿ, ದೂರದ ಕಂಪ್ಯೂಟರಿಗೆ ಸಂದೇಶ ಹೋಗಿ ಬರುವ ಹೊತ್ತೇ ಸ್ವರವಾಗುತ್ತಿತ್ತು. ವೀಣೆಯ ತಂತಿ ಉದ್ದವಾದಷ್ಟೂ ಸ್ವರ ತಗ್ಗುವಂತೆ, ದೂರದ ಊರು ಮಂದ್ರದಲ್ಲಿ, ಹತ್ತಿರದ್ದು ತಾರದಲ್ಲಿ ನುಡಿಯುತ್ತಿತ್ತು.

ಎಷ್ಟು ತಡವನ್ನು ಸಂಗೀತಗಾರ ತಾಳಬಲ್ಲ? 2004ರಲ್ಲಿ ಪ್ರಕಟವಾದ ಶೇಫ್ ತಂಡದ ಪ್ರಯೋಗ ಸರಳವಾದದ್ದು. ಬೇರೆ ಬೇರೆ ಕೋಣೆಗಳಲ್ಲಿ ಇಬ್ಬರನ್ನು ಕೂರಿಸಿ, ಒಬ್ಬರ ಪೆಟ್ಟಿನೊಳಗೆ ಇನ್ನೊಬ್ಬರದು ಹೆಣೆಯುವಂತೆ ಚಪ್ಪಾಳೆ ತಟ್ಟಿಸಿದರು. ನಡುವಿನ ತಡವನ್ನು ಬೇಕಾದಷ್ಟಕ್ಕೆ ಹೊಂದಿಸಿದರು. ತಡ ಹೆಚ್ಚಿದಂತೆಲ್ಲ ಲಯ ಕುಗ್ಗಿತು. ಕಾರಣ ಸುಲಭ: ಜೊತೆಗಾರರ ಪೆಟ್ಟು ತಡವಾಗಿ ಕೇಳಿದಾಗ ಅವರು ಹಿಂದೆ ಬಿದ್ದರೆಂದು ಇವರು ಕಾಯುತ್ತಾರೆ, ಇವರು ಕಾದದ್ದು ಅತ್ತ ಇನ್ನೂ ತಡವಾಗಿ ಕೇಳುತ್ತದೆ, ಅವರೂ ಕಾಯುತ್ತಾರೆ. ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ವಿಳಂಬ ಎಂದರೆ ನಿಧಾನದ ಕಾಲವೂ ಹೌದು. ಒಂದು ವಿಳಂಬ ಇನ್ನೊಂದನ್ನು ತಂದೇ ತರುತ್ತದೆ. ಅಚ್ಚರಿಯ ಸಂಗತಿ ಇನ್ನೊಂದಿತ್ತು. ತಡ ಸುಮಾರು 11 ಮಿಲಿಸೆಕೆಂಡಿಗಿಂತ ಕಡಿಮೆಯಾದಾಗ ಲಯ ಓಡತೊಡಗಿತು. ತಡ ಚೂರೂ ಇರದಿದ್ದರೆ ಒಳ್ಳೆಯದು ಎಂಬ ನಂಬಿಕೆಗೆ ಇದು ಪೆಟ್ಟು. ನಾಲ್ಕು ಮೀಟರಿನಷ್ಟು ಗಾಳಿಯ ಅಂತರವೇ ಕೈಗಳಿಗೆ ಹಿತ. ಈ ಬಗೆಯ ಅಧ್ಯಯನಗಳಿಂದ 20ರಿಂದ 30 ಮಿಲಿಸೆಕೆಂಡಿನ ಮಿತಿಯೊಂದು ಬಳಕೆಗೆ ಬಂತು. ಅದರಾಚೆ ಸಹಜವಾಗಿ ಜೊತೆಗೂಡುವುದು ಕಷ್ಟ.

ಈ ಮಿತಿಯೊಳಗೆ ಬರಲು ಹೆಣಗಿದವರ ಪೈಕಿ ಇಟಲಿಯ ತ್ರಿಯೆಸ್ತೆಯ ತಾರ್ತೀನಿ ಸಂಗೀತ ಶಾಲೆಯದು ಹಟದ ಕೆಲಸ. ದೇಶದ ಶೈಕ್ಷಣಿಕ ಜಾಲವಾದ ಗಾರ್ ಜೊತೆಗೂಡಿ ಅವರು ಲೋಲಾ ಎಂಬ ವ್ಯವಸ್ಥೆ ಕಟ್ಟಿದರು. ನಾದವನ್ನಾಗಲಿ ಚಿತ್ರವನ್ನಾಗಲಿ ಅದು ಸಂಕುಚಿಸುತ್ತಿರಲಿಲ್ಲ, ಏಕೆಂದರೆ ಸಂಕುಚಿಸಲೂ ಹೊತ್ತು ಬೇಕು. ಬದಲಿಗೆ ಗಿಗಾಬಿಟ್ ವೇಗದ ಜಾಲ ಬೇಡುತ್ತಿತ್ತು. 2010ರಲ್ಲಿ ತ್ರಿಯೆಸ್ತೆ ಮತ್ತು ಪ್ಯಾರಿಸ್ ನಡುವೆ, ನೇರ ದೂರವೇ 900 ಕಿ.ಮೀ. ದಾಟುವ ಅಂತರದಲ್ಲಿ, ಇಬ್ಬರು ಪಿಯಾನೋ ವಾದಕರು ಜೊತೆಯಾಗಿ ನುಡಿಸಿ ತೋರಿಸಿದರು. ಮನೆಯ ಇಂಟರ್ನೆಟ್ಟಿಗೆ ಇದು ನಿಲುಕುವ ಮಾತಾಗಿರಲಿಲ್ಲ.

ಮನೆಗೆ ತಂದವರು ಬೇರೆ. ಜರ್ಮನಿಯ ಫೋಲ್ಕರ್ ಫಿಶರ್ 2006ರಲ್ಲಿ ಆರಂಭಿಸಿದ ತಂತ್ರಾಂಶ ಮುಂದೆ ಜಾಮ್ಯುಲಸ್ ಎಂದು ಹೆಸರಾಯಿತು. ಎಲ್ಲರ ನಾದವನ್ನೂ ನಡುವಿನ ಒಂದು ಸರ್ವರ್ ಬೆರೆಸಿ ಹಿಂದಕ್ಕೆ ಕಳಿಸುತ್ತದೆ. ಉಚಿತ, ಯಾರು ಬೇಕಾದರೂ ತಮ್ಮ ಊರಲ್ಲೇ ಸರ್ವರ್ ಇಟ್ಟುಕೊಳ್ಳಬಹುದು. ಇಂಥವಕ್ಕೆ ಬಲ ಬಂದದ್ದು ಓಪಸ್ ಎಂಬ ಸಂಕೋಚನ ಕ್ರಮದಿಂದ. ಎಂಪಿ3 ಕ್ರಮದಲ್ಲಿ ನಾದವನ್ನು ಮಡಿಸಿ ಬಿಚ್ಚಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಹೋಗುತ್ತದೆ. 2012ರಲ್ಲಿ ಇಂಟರ್ನೆಟ್ ಮಾನಕವಾದ ಓಪಸ್‌ನಲ್ಲಿ ಆ ತಡವನ್ನು 5 ಮಿಲಿಸೆಕೆಂಡಿಗೆ ಇಳಿಸಬಹುದು.

ಇಷ್ಟೆಲ್ಲದರ ನಡುವೆ, ತಡವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿಬಿಟ್ಟ ಉಪಾಯವೊಂದಿದೆ. ವಿನ್‌ಆಂಪ್ ಖ್ಯಾತಿಯ ಜಸ್ಟಿನ್ ಫ್ರ್ಯಾಂಕೆಲ್ 2005ರಲ್ಲಿ ತಂದ ನಿಂಜಾಮ್ ಎಂಬ ತಂತ್ರಾಂಶದಲ್ಲಿ ಪ್ರತಿಯೊಬ್ಬರಿಗೂ ಉಳಿದವರ ಹಿಂದಿನ ಆವರ್ತ ಕೇಳುತ್ತದೆ. ಎಲ್ಲರೂ ಸರಿಯಾಗಿ ಒಂದು ಆವರ್ತ ಹಿಂದಿರುವುದರಿಂದ ಸಮ ಸಮಕ್ಕೇ ಕೂಡುತ್ತದೆ. ಒಂದೇ ಆವರ್ತದ ಮೇಲೆ ಸುತ್ತುವ ಸಂಗೀತಕ್ಕೆ ಇದು ಸೊಗಸು. ಹಾಡಿನ ಪಲ್ಲವಿ ಮುಗಿದು ಚರಣಕ್ಕೆ ದಾಟಿದರೆ ಗೋಜಲು. 2008ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬೀಜಿಂಗ್‌ನ ಪೀಕಿಂಗ್ ವಿಶ್ವವಿದ್ಯಾಲಯದ ವಾದಕರು ಪೆಸಿಫಿಕ್ ಸಾಗರದ ಆಚೀಚೆ ಕೂತು ನುಡಿಸಲು ಟೆರಿ ರೈಲಿಯ ‘ಇನ್ ಸಿ’ ಕೃತಿಯನ್ನು ಆರಿಸಿಕೊಂಡದ್ದೂ ಇಂಥ ಜಾಣ್ಮೆಯೇ. 53 ಪುಟ್ಟ ಸ್ವರಗುಚ್ಛಗಳನ್ನು ಪ್ರತಿಯೊಬ್ಬರೂ ತಮಗೆ ತೋಚಿದಷ್ಟು ಸಲ ನುಡಿಸಿ ಮುಂದೆ ಸಾಗುವ ಆ ಕೃತಿಯಲ್ಲಿ ಹಿಂದು ಮುಂದಾಗುವುದು ತಪ್ಪೇ ಅಲ್ಲ. ತಡವನ್ನು ರಚನೆಯಲ್ಲೇ ನಿಭಾಯಿಸಿದ ವೆನಿಸ್‌ನವರ ದಾರಿಯೇ ಇದು.

2020ರ ಕೋವಿಡ್ ಲಾಕ್‌ಡೌನಿನಲ್ಲಿ ಈ ಮೂಲೆಯ ವಿದ್ಯೆ ಮನೆಮನೆಯ ಅಗತ್ಯವಾಯಿತು. ಜಾಮ್ಯುಲಸ್, ಜ್ಯಾಕ್‌ಟ್ರಿಪ್ ಬಳಕೆದಾರರು ಹಠಾತ್ತನೆ ಹೆಚ್ಚಿದರು, ಸೋನೋಬಸ್‌ನಂಥ ಹೊಸವು ಬಂದವು, ಜಪಾನಿನಲ್ಲಿ ಯಮಹಾ ಸಿಂಕ್‌ರೂಮ್ ತಂದಿತು. ಅಮೆರಿಕದ ಕೆಲವು ಗಾಯಕವೃಂದಗಳು ಇಂಟರ್ನೆಟ್ಟನ್ನೇ ಬಿಟ್ಟು, ಒಂದೇ ಬಯಲಲ್ಲಿ ಕಾರು ನಿಲ್ಲಿಸಿ ಒಳಗೆ ಕೂತು, ಹಳೆಯ ಮಾದರಿಯ ನಿಸ್ತಂತು ಮೈಕಿನಲ್ಲಿ ಹಾಡಿದವು.

ಕರ್ನಾಟಕ ಸಂಗೀತದ ಪಾಠ ಅದಕ್ಕೂ ಮೊದಲೇ ದೂರಕ್ಕೆ ಒಗ್ಗಿಕೊಂಡಿತ್ತು. 2003ರಲ್ಲಿ ಸ್ಕೈಪ್ ಬಂದ ಮೇಲೆ ಬೆಂಗಳೂರು ಮೈಸೂರಿನ ಗುರುಗಳು ಅಮೆರಿಕದ ಶಿಷ್ಯರಿಗೆ ಕಲಿಸತೊಡಗಿದರು. ಗುರು ಒಂದು ಸಾಲು ಹಾಡಿ ಶಿಷ್ಯ ಅದನ್ನೇ ಹೇಳುವ ಪದ್ಧತಿ ಸವಾಲು ಜವಾಬಿನದೇ ಆದ್ದರಿಂದ ತಡ ಕಾಡಲಿಲ್ಲ. ಕಾಡಿದ್ದು ಕೂಡಿ ಹಾಡುವಾಗ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ.; ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ 200 ಕಿ.ಮೀ.ನಂತೆ ಓಡಿದರೂ ಒಮ್ಮುಖಕ್ಕೇ 70 ಮಿಲಿಸೆಕೆಂಡು, ಕೇಬಲ್ಲಿನ ಸುತ್ತುಬಳಸು ಹಾದಿಯಲ್ಲಿ ನೂರರ ಮೇಲೆ. ನಿಮಿಷಕ್ಕೆ 75 ಎಣಿಕೆಯ ಆದಿತಾಳದಲ್ಲಿ ಎಣಿಕೆಗೆ ಎಂಟು ಸೊಲ್ಲು ನುಡಿದರೆ ಒಂದು ಸೊಲ್ಲಿಗೆ ಸಿಗುವುದೇ ನೂರು ಮಿಲಿಸೆಕೆಂಡು. ಪರದೆಯಲ್ಲಿ ಶಿಷ್ಯನ ಕೈತಾಳ ತಪ್ಪಿದಂತೆ ಕಂಡರೂ ಅವನ ತುದಿಯಲ್ಲಿ ಅದು ಸರಿಯಾಗಿಯೇ ಇರಬಹುದು. ಗುರು ಹಾಡುತ್ತ, ಶಿಷ್ಯ ಅದಕ್ಕೆ ಹೊಂದಿ ಹಾಡುತ್ತ, ಗುರು ಶಿಷ್ಯನ ದನಿಗೆ ಕಿವಿಗೊಡದೆ ಮುಂದುವರಿದರೆ ಶಿಷ್ಯನಿಗಷ್ಟೇ ಕೂಡುಗಾಯನ ದಕ್ಕುತ್ತದೆ.

ಶ್ರುತಿ ತಾಯಿ, ಲಯ ತಂದೆ ಎನ್ನುತ್ತಾರೆ. ಮೊದಲು ಕೊನೆ ಇಲ್ಲದೆ ಮೀಟುವ ತಂಬೂರಿ ನೂರು ಮಿಲಿಸೆಕೆಂಡು ತಡವಾದರೂ ಶ್ರುತಿಗೆ ಏನೂ ಆಗದು. ಪೆಟ್ಟು ಬೀಳುವುದೆಲ್ಲ ಲಯಕ್ಕೆ. ಆದರೂ ವಿಡಿಯೋ ಕರೆಯ ತಂತ್ರಾಂಶಗಳು ತಂಬೂರಿಯನ್ನೇ ಫ್ಯಾನಿನ ಸದ್ದೆಂದು ಬಗೆದು ಅಳಿಸಿಬಿಡುತ್ತವೆ. ಹಾಗೆ ಅಳಿಸುವುದು ಅವುಗಳಲ್ಲಿ ಮಾತಿಗೆಂದು ಮಾಡಿದ ಶಬ್ದಶೋಧಕ. ಅದನ್ನು ನಿಲ್ಲಿಸಿದರೆ, ಅಥವಾ ಎರಡೂ ತುದಿಗಳಲ್ಲಿ ಒಂದೊಂದು ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡರೆ, ಸಮಸ್ಯೆ ಮುಗಿಯಿತು.

ಲಯದ ವಿಷಯದಲ್ಲಿ ಈಗ ಅಡ್ಡಿಯಾಗಿರುವುದು ಹತ್ತಿರದ ಊರುಗಳ ನಡುವಿನ ದೂರವಲ್ಲ, ಮನೆಯೊಳಗಿನ ಸಲಕರಣೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿದರೆ ಜಿಟರ್ ಇಳಿಯುತ್ತದೆ, ಒಳ್ಳೆಯ ಸೌಂಡ್ ಕಾರ್ಡ್ ಇದ್ದರೆ ಬಫರ್ ಕಿರಿದಾಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿ.ಮೀ. ಅಷ್ಟು ದೂರವನ್ನು ಬೆಳಕು ಫೈಬರ್‌ನಲ್ಲಿ ಮುಕ್ಕಾಲು ಮಿಲಿಸೆಕೆಂಡಿನೊಳಗೆ ಮುಗಿಸುತ್ತದೆ. ಗಾಳಿಯಲ್ಲಾದರೆ ಅದು ಒಂದು ಗೇಣಿನಷ್ಟು ದೂರ. ಆ ಎರಡು ಊರುಗಳಲ್ಲಿ ಕೂತ ವಾದಕರು ತಂತಿಯ ಹೆಡ್‌ಫೋನ್ ಬಿಟ್ಟು ಬ್ಲೂಟೂತ್‌ನದನ್ನು ಹಾಕಿಕೊಂಡರೆ 150 ಮಿಲಿಸೆಕೆಂಡಿನಷ್ಟು ತಡ ಸೇರಿ, ಐವತ್ತು ಮೀಟರ್ ಆಚೆ ಕೂತಂತಾಗುತ್ತದೆ.